ಋಣವೂ ಪ್ರಮಾದವೂ

ವ್ಯಾಪಾರಿಯ ಖಾತೆಯಲ್ಲಿ ಸಾಲಗಳೆಲ್ಲ ಒಂದೇ ಬದಿಯಲ್ಲಿ ಬರೆಯಲ್ಪಟ್ಟರೂ ಅವೆಲ್ಲ ಒಂದೇ ಜಾತಿಯವಲ್ಲ. ಸುಗ್ಗಿಯಲ್ಲಿ ಭತ್ತ ಕೊಂಡು ಆಷಾಢದಲ್ಲಿ ಮಾರುವವನ ಸಾಲವನ್ನು ಆ ಭತ್ತವೇ ತೀರಿಸುತ್ತದೆ. ಧಾರಣೆ ಇಳಿದರೆ ಅವನಿಗೆ ನಷ್ಟವಾದೀತು. ಆದರೂ ಸಾಲದ ಬುಡದಲ್ಲಿ ಒಂದು ಸರಕು ಇದೆ. ಇನ್ನೊಂದು ಬಗೆಯ ಸಾಲವನ್ನು ತೀರಿಸುವುದು ಮತ್ತೊಂದು ಸಾಲ. ಮೊದಲನೆಯವನ ಗಡುವು ಬಂದ ದಿನ ಎರಡನೆಯವನು ಕೊಡಬೇಕು, ಎರಡನೆಯವನ ಗಡುವಿಗೆ ಮೂರನೆಯವನು ಒದಗಬೇಕು. ಇಂತಹ ಸಾಲಗಾರನು ನಿಜವಾಗಿ ಒತ್ತೆಯಿಟ್ಟಿರುವುದು ತನ್ನ ಆಸ್ತಿಯನ್ನಲ್ಲ, ಇನ್ನೂ ಮುಖ ಕಾಣದ ಒಬ್ಬ ಅಪರಿಚಿತನ ಒಪ್ಪಿಗೆಯನ್ನು. ತನ್ನದಲ್ಲದುದನ್ನು ಒತ್ತೆಯಿಟ್ಟು ಮಾತು ಕೊಡುವುದು ಸತ್ಯವಂತನಿಗೆ ಸಲ್ಲುವುದೇ? ಮಾತು ಹೇಗೋ ಉಳಿದುಕೊಂಡಿತೆಂದರೆ ದೋಷವೂ ಇಲ್ಲವಾಗುವುದೇ?

ಮನೆ ಕಟ್ಟಲು ಸಾಲ ಕೊಡುವ ಸಂಸ್ಥೆಗಳ ಆಡಳಿತದಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರಾಗುತ್ತದೆ. ಮನೆಯ ಸಾಲವನ್ನು ಗುಮಾಸ್ತನೋ ಶಿಕ್ಷಕಿಯೋ ಇಪ್ಪತ್ತು, ಇಪ್ಪತ್ತೈದು ವರ್ಷಗಳ ಕಾಲ ತಿಂಗಳ ಕಂತುಗಳಲ್ಲಿ ತೀರಿಸುತ್ತಾರೆ. ಸಂಸ್ಥೆಗೆ ಹಣ ಕೊಟ್ಟವನಾದರೋ ಮೂರು ತಿಂಗಳಿಗೆ, ಹೆಚ್ಚೆಂದರೆ ಮೂರು ವರ್ಷಕ್ಕೆ ಕೊಟ್ಟಿರುತ್ತಾನೆ. ಈ ಎರಡು ಅವಧಿಗಳ ನಡುವಿನ ಕಂದಕವನ್ನು ದಾಟಿಸುವುದೇ ಮುಖ್ಯ ಕಾರ್ಯನಿರ್ವಾಹಕನ ಕೆಲಸ. ಆದುದರಿಂದ ಈ ವ್ಯವಹಾರದಲ್ಲಿ ಮೋಸಗಾರನಿಗಿಂತ ಪ್ರಾಮಾಣಿಕನ ಪರೀಕ್ಷೆಯೇ ಹೆಚ್ಚು ಕಠಿಣವಾದುದು. ಮೋಸಗಾರನ ವಿಚಾರವನ್ನು ಪೊಲೀಸರೂ ನ್ಯಾಯಾಲಯಗಳೂ ನೋಡಿಕೊಳ್ಳುತ್ತವೆ. ಸುಳ್ಳು ಹೇಳದ, ಕದಿಯದ, ಕಾನೂನನ್ನು ಮೀರದ ಆಡಳಿತಗಾರನ ಹೊಣೆ ಎಲ್ಲಿಯವರೆಗೆ ಎಂಬುದನ್ನು ನಿರ್ಣಯಿಸುವುದು ಕಷ್ಟ. ಅದಕ್ಕೆ ಇಂಗ್ಲೆಂಡಿನ ನಾರ್ದರ್ನ್ ರಾಕ್ ಸಂಸ್ಥೆಯ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ದುಡಿಯುವ ಜನ ತಮ್ಮ ಉಳಿತಾಯವನ್ನು ಒಂದೆಡೆ ಕೂಡಿಸಿ, ತಮ್ಮೊಳಗಿನವರಿಗೇ ಮನೆಗಾಗಿ ಸಾಲ ಕೊಡುವ ಸಂಘಗಳನ್ನು ಕಟ್ಟಿಕೊಂಡರು. ಠೇವಣಿ ಇಟ್ಟವನೂ ಸಾಲ ಪಡೆದವನೂ ಅಲ್ಲಿ ಸದಸ್ಯರು; ಷೇರುದಾರನೆಂಬ ಮೂರನೆಯವನಿಲ್ಲ. ಈಶಾನ್ಯ ಇಂಗ್ಲೆಂಡಿನ ನ್ಯೂಕ್ಯಾಸಲ್ ಪ್ರದೇಶದಲ್ಲಿ 1850ರಲ್ಲಿ ಒಂದು, 1865ರಲ್ಲಿ ಇನ್ನೊಂದು ಹುಟ್ಟಿ, ಅವೆರಡೂ 1965ರಲ್ಲಿ ಕೂಡಿ ನಾರ್ದರ್ನ್ ರಾಕ್ ಎನಿಸಿದವು. ಇಂತಹ ಸಂಘಗಳು ಹೊರಗಿನ ಹಣದ ಪೇಟೆಯಿಂದ ಎಷ್ಟು ಸಾಲ ತರಬಹುದೆಂಬುದಕ್ಕೆ ಕಾನೂನಿನ ಮಿತಿಯಿತ್ತು, ಈಗಲೂ ಇದೆ. ಬೆಳವಣಿಗೆ ನಿಧಾನ, ಸದಸ್ಯರ ಉಳಿತಾಯ ಬೆಳೆದಷ್ಟೇ ಸಾಲ ಕೊಡುವ ಶಕ್ತಿಯೂ ಬೆಳೆಯುತ್ತದೆ.

1997ರ ಅಕ್ಟೋಬರ್ 1ರಂದು ನಾರ್ದರ್ನ್ ರಾಕ್ ಆ ರೂಪವನ್ನು ಬಿಟ್ಟು ಷೇರುಪೇಟೆಯ ಬ್ಯಾಂಕಾಯಿತು. ಸದಸ್ಯರಿಗೆ ಷೇರುಗಳು ಉಚಿತವಾಗಿ ಬಂದವು. 1983ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ್ದ ಆಡಮ್ ಆಪಲ್‌ಗಾರ್ತ್ 2001ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ಮುಖ್ಯ ಕಾರ್ಯನಿರ್ವಾಹಕರಾದರು. ದಕ್ಷರು, ಶ್ರಮಜೀವಿ, ಖರ್ಚನ್ನು ಹಿಡಿತದಲ್ಲಿ ಇಟ್ಟವರು. 1997ರ ಕೊನೆಯಲ್ಲಿ 1,580 ಕೋಟಿ ಪೌಂಡಿನಷ್ಟಿದ್ದ ಸಂಸ್ಥೆಯ ಆಸ್ತಿ 2006ರ ಕೊನೆಗೆ 10,100 ಕೋಟಿ ಪೌಂಡಾಯಿತು. ಇಷ್ಟು ಹಣ ನ್ಯೂಕ್ಯಾಸಲಿನ ಉಳಿತಾಯಗಾರರಿಂದ ಬರುವುದು ಸಾಧ್ಯವಿರಲಿಲ್ಲ. ಒಂದು ಕಾಲಕ್ಕೆ ಶೇಕಡಾ 60ಕ್ಕೂ ಮೇಲ್ಪಟ್ಟಿದ್ದ ಸಾಮಾನ್ಯ ಠೇವಣಿಗಳ ಪಾಲು 2006ರ ಹೊತ್ತಿಗೆ ಶೇಕಡಾ 22ರ ಆಸುಪಾಸಿಗೆ ಇಳಿಯಿತು. ಉಳಿದುದು ಸಗಟು ಹಣದ ಪೇಟೆಯದು. ಅಡಮಾನದ ಸಾಲಗಳನ್ನು ಒಟ್ಟುಗೂಡಿಸಿ, ಗ್ರಾನೈಟ್ ಎಂಬ ಹೆಸರಿನ ಬೇರೊಂದು ವ್ಯವಸ್ಥೆಯ ಮೂಲಕ ಅವುಗಳ ಮೇಲೆ ಬಾಂಡುಗಳನ್ನು ಹೊರಡಿಸಿ, ಬಂದ ಹಣದಿಂದ ಮತ್ತೆ ಸಾಲ ಕೊಡುವುದು. ಅದನ್ನು ಮತ್ತೆ ಮಾರುವುದು. ಪೇಟೆ ತೆರೆದಿರುವಷ್ಟು ದಿನ ಈ ಗಾಣ ತಿರುಗುತ್ತಿತ್ತು.

2007ರ ಆಗಸ್ಟ್ 9ರಂದು ಪೇಟೆ ಮುಚ್ಚಿತು. ಅಮೆರಿಕದಲ್ಲಿ ತೀರಿಸಲಾರದವರಿಗೆ ಕೊಟ್ಟ ಗೃಹಸಾಲಗಳು ಕೆಟ್ಟು, ಯಾರ ಬಳಿ ಎಷ್ಟು ಕೆಟ್ಟ ಕಾಗದವಿದೆ ಎಂದು ತಿಳಿಯದೆ ಬ್ಯಾಂಕುಗಳು ಒಂದಕ್ಕೊಂದು ಸಾಲ ಕೊಡುವುದನ್ನು ನಿಲ್ಲಿಸಿದವು. ನಾರ್ದರ್ನ್ ರಾಕ್‌ನ ಬಳಿ ಆ ಅಮೆರಿಕದ ಕಾಗದ ಹೆಚ್ಚೇನೂ ಇರಲಿಲ್ಲ. ಅದರ ಸ್ವಂತ ಸಾಲಗಾರರು ಕಂತು ಕಟ್ಟುತ್ತಲೇ ಇದ್ದರು. ಆದರೂ ಗಡುವು ಮುಗಿದ ಸಾಲಗಳನ್ನು ತೀರಿಸಲು ಹೊಸ ಸಾಲ ಹುಟ್ಟಲಿಲ್ಲ. ಸೆಪ್ಟೆಂಬರ್ 13ರ ರಾತ್ರಿ, ಸಂಸ್ಥೆ ಬ್ಯಾಂಕ್ ಆಫ್ ಇಂಗ್ಲೆಂಡಿನ ತುರ್ತು ನೆರವು ಬೇಡಿದೆಯೆಂಬ ಸುದ್ದಿ ಬಿ.ಬಿ.ಸಿ.ಯಲ್ಲಿ ಬಂತು. ಮರುದಿನ ಶುಕ್ರವಾರ ಶಾಖೆಗಳ ಮುಂದೆ ಮುದುಕರೂ ಮುದುಕಿಯರೂ ಸಾಲುಗಟ್ಟಿ ನಿಂತರು. ಅಂದಿನ ವಿಮಾ ವ್ಯವಸ್ಥೆಯಲ್ಲಿ ಮೊದಲ 2,000 ಪೌಂಡಿಗೆ ಮಾತ್ರ ಪೂರ್ಣ ರಕ್ಷಣೆ, ಮುಂದಿನ 33,000ಕ್ಕೆ ಶೇಕಡಾ 90. ಆ ಸಾಲಿನಲ್ಲಿ ನಿಂತವರನ್ನು ಅವಿವೇಕಿಗಳೆನ್ನುವಂತಿಲ್ಲ. ಸಗಟು ಸಾಲಿಗರು ಅವರಿಗಿಂತ ಐದು ವಾರ ಮೊದಲೇ, ಯಾವ ಬೀದಿಯಲ್ಲೂ ನಿಲ್ಲದೆ, ಕೈತೊಳೆದುಕೊಂಡಿದ್ದರು. ಸೋಮವಾರ, 17ರಂದು, ಎಲ್ಲ ಠೇವಣಿಗಳಿಗೂ ಸರ್ಕಾರವೇ ಹೊಣೆಯೆಂದು ಅರ್ಥಮಂತ್ರಿ ಘೋಷಿಸಿದ ಮೇಲೆ ಜನ ಮನೆಗೆ ಹೋದರು. 2008ರ ಫೆಬ್ರವರಿಯಲ್ಲಿ ಸಂಸ್ಥೆ ರಾಷ್ಟ್ರೀಕರಣಗೊಂಡಿತು.

ಠೇವಣಿದಾರರಲ್ಲಿ ಒಬ್ಬರಿಗೂ ಒಂದು ಕಾಸು ನಷ್ಟವಾಗಲಿಲ್ಲ. ಸಂಸತ್ತಿನ ಸಮಿತಿಯ ಮುಂದೆ ಆಪಲ್‌ಗಾರ್ತ್ ಹೇಳಿದ್ದರ ಸಾರಾಂಶ ಇಷ್ಟು: ತಮ್ಮ ಸಾಲದ ಮೂಲಗಳು ಹಲವು ದೇಶಗಳಲ್ಲಿ ಹರಡಿದ್ದವು, ಒಂದು ಪೇಟೆ ಮುಚ್ಚಿದರೆ ಇನ್ನೊಂದಿದೆ ಎಂಬ ಎಣಿಕೆಯಿತ್ತು, ಎಲ್ಲ ಪೇಟೆಗಳೂ ಏಕಕಾಲಕ್ಕೆ ಮುಚ್ಚುವುದನ್ನು ಯಾರೂ ಊಹಿಸಿರಲಿಲ್ಲ. ಇದು ನೆಪವೆಂದು ತಳ್ಳಿಹಾಕತಕ್ಕ ಮಾತಲ್ಲ. ಕಾಣದುದನ್ನು ಕಾಣಲಿಲ್ಲವೆಂದು ಒಬ್ಬನನ್ನು ದೂಷಿಸುವುದು ನ್ಯಾಯವಲ್ಲ. ಹಾನಿಯೂ ಇಲ್ಲ, ದುರುದ್ದೇಶವೂ ಇಲ್ಲ, ಮುಂದಾಗುವುದರ ಅರಿವೂ ಇಲ್ಲ. ಇನ್ನು ದೋಷ ಯಾವುದು?

ಈ ಪ್ರಶ್ನೆಯನ್ನು ಜೈನಾಚಾರ್ಯರು ಹಿಂಸೆಯ ಪ್ರಕರಣದಲ್ಲಿ ಬಹಳ ಹಿಂದೆಯೇ ಎತ್ತಿಕೊಂಡಿದ್ದಾರೆ. ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಮಾತ್ರ ಹೇಳಿ ಬಿಡದೆ, ಅದರ ಹಿಂದೆ ಪ್ರಮತ್ತಯೋಗವೆಂಬ ಕಾರಣವನ್ನು ಇರಿಸಲಾಗಿದೆ. ಎಚ್ಚರದಿಂದ ನೆಲ ನೋಡಿ ಹೆಜ್ಜೆಯಿಡುವ ಮುನಿಯ ಪಾದದಡಿಗೆ ಒಂದು ಕ್ರಿಮಿ ತಾನಾಗಿ ಬಂದು ಸತ್ತರೆ ಅವರಿಗೆ ಬಂಧವಿಲ್ಲ. ಎಚ್ಚರವಿಲ್ಲದೆ ನಡೆದವನ ಕಾಲಡಿಗೆ ಯಾವ ಜೀವವೂ ಸಿಗದಿದ್ದರೂ ಅವನು ಹಿಂಸೆಯಿಂದ ಮುಕ್ತನಲ್ಲ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ, ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ವಿಸ್ತರಿಸಿದ್ದಾರೆ. ಲೋಕದ ನ್ಯಾಯ ಫಲವನ್ನು ತೂಗುತ್ತದೆ. ಈ ದೃಷ್ಟಿ ತೂಗುವುದು ನಡೆದ ರೀತಿಯನ್ನು. ಹಾಗೆ ನೋಡಿದಾಗ ನಾರ್ದರ್ನ್ ರಾಕ್‌ನ ಠೇವಣಿದಾರರ ಹಣ ಉಳಿದುದು ಆಡಳಿತಗಾರರ ಪಾಲಿಗೆ ಪುಣ್ಯವೂ ಅಲ್ಲ, ಬಿಡುಗಡೆಯೂ ಅಲ್ಲ. ಅವರು ಕೇಳಿಕೊಳ್ಳಬೇಕಾದುದು ಯಾರು ನಷ್ಟಹೊಂದಿದರು ಎಂದಲ್ಲ, ಹೆಜ್ಜೆಯಿಡುವಾಗ ನೆಲವನ್ನು ನೋಡಿದ್ದೆವೇ ಎಂದು.

ನೋಡಲು ಅವಕಾಶವಿತ್ತು. 2007ರ ಮೊದಲ ತಿಂಗಳುಗಳಲ್ಲಿಯೇ ಬ್ಯಾಂಕ್ ಆಫ್ ಇಂಗ್ಲೆಂಡೂ ಹಣಕಾಸು ಸೇವೆಗಳ ನಿಯಂತ್ರಕರೂ ಸಗಟು ಪೇಟೆ ಬತ್ತಬಹುದಾದ ಅಪಾಯವನ್ನು ಕುರಿತು ಬರೆದಿದ್ದರು. ಅಮೆರಿಕದ ಕಂಟ್ರಿವೈಡ್ ಎಂಬ ಗೃಹಸಾಲ ಕಂಪೆನಿ, ಕಷ್ಟಕಾಲಕ್ಕೆಂದು ಬ್ಯಾಂಕುಗಳೊಡನೆ ಮೊದಲೇ ಒಪ್ಪಂದ ಮಾಡಿಕೊಂಡಿತ್ತು. ಅದೇ ಆಗಸ್ಟಿನಲ್ಲಿ ಆ ಒಪ್ಪಂದದ 1,150 ಕೋಟಿ ಡಾಲರನ್ನೂ ಎತ್ತಿಕೊಂಡಿತು. (ಆ ಕಂಪೆನಿ ಸಾಲ ಕೊಡುತ್ತಿದ್ದ ರೀತಿ ಯಾರೂ ಅನುಕರಿಸತಕ್ಕದ್ದಲ್ಲ, ಅದೂ ಮರುವರ್ಷ ಬೇರೆ ಬ್ಯಾಂಕಿನ ಕೈಸೇರಿತು, ಆದರೂ ಈ ಒಂದು ವಿಷಯದಲ್ಲಿ ಅದು ಎಚ್ಚರವಾಗಿತ್ತು.) ಅಂತಹ ಒಪ್ಪಂದಕ್ಕೆ ಶುಲ್ಕ ಕೊಡಬೇಕಾಗುತ್ತದೆ, ಲಾಭ ತುಸು ಕಡಮೆಯಾಗುತ್ತದೆ. ನಾರ್ದರ್ನ್ ರಾಕ್ ತನ್ನ ಅಗತ್ಯಕ್ಕೆ ತಕ್ಕಷ್ಟು ವಿಮೆಯನ್ನು ಹೀಗೆ ಮಾಡಿಕೊಂಡಿರಲಿಲ್ಲ. ಬದಲಾಗಿ, ಜುಲೈ 25ರಂದು, ಪೇಟೆ ಮುಚ್ಚಲು ಇನ್ನು ಹದಿನೈದು ದಿನವಿರುವಾಗ, ಮಧ್ಯಂತರ ಲಾಭಾಂಶವನ್ನು ಶೇಕಡಾ 30ರಷ್ಟು ಏರಿಸಿತು. ನಿಯಂತ್ರಕರ ಹೊಸ ಲೆಕ್ಕಾಚಾರದ ಪ್ರಕಾರ ಮೂಲಬಂಡವಾಳ ಹೆಚ್ಚಾಗಿ ಉಳಿದಿದೆಯೆಂಬುದು ಇದಕ್ಕೆ ಕಾರಣ. ಅನುಮತಿ ಇತ್ತು, ನಿಜ. ಮಳೆಗಾಲದ ಬಾಗಿಲಲ್ಲಿ ಛಾವಣಿಯ ಹೆಂಚು ತೆಗೆದು ಹಂಚುವುದಕ್ಕೆ ಅನುಮತಿಯೊಂದೇ ಸಾಕೇ? ಆ ಲಾಭಾಂಶ ಷೇರುದಾರರ ಕೈಸೇರಲಿಲ್ಲ, ಸೆಪ್ಟೆಂಬರಿನಲ್ಲಿ ರದ್ದಾಯಿತು.

ಅಂದಿನ ಅಧ್ಯಕ್ಷ ಮ್ಯಾಟ್ ರಿಡ್ಲೆ ಜೀವವಿಜ್ಞಾನದ ಪ್ರಸಿದ್ಧ ಲೇಖಕರು. ಮನುಷ್ಯರಲ್ಲಿ ಪರಸ್ಪರ ವಿಶ್ವಾಸ ಹೇಗೆ ಹುಟ್ಟಿತೆಂಬುದನ್ನು ಕುರಿತೇ 1996ರಲ್ಲಿ ಒಂದು ಪುಸ್ತಕ ಬರೆದವರು. ವಿಶ್ವಾಸದ ಹುಟ್ಟನ್ನು ಬಲ್ಲವರ ಮನೆಯಲ್ಲಿಯೇ ಅದು ಒಂದು ರಾತ್ರಿಯಲ್ಲಿ ಹೋಯಿತು. ಸಂಸತ್ತಿನ ಸಮಿತಿ 2008ರ ಜನವರಿಯ ವರದಿಯಲ್ಲಿ ಮೊದಲ ಹೊಣೆಯನ್ನು ನಿರ್ದೇಶಕ ಮಂಡಳಿಯ ಮೇಲೆಯೇ ಹೊರಿಸಿತು. ಕಾರ್ಯನಿರ್ವಾಹಕರಲ್ಲದ ನಿರ್ದೇಶಕರು ಕಡಿವಾಣವಾಗಿ ವರ್ತಿಸಲಿಲ್ಲವೆಂದೂ ಹೇಳಿತು. ಎಲ್ಲರೂ ಒಪ್ಪುವ ಸಭೆಯಲ್ಲಿ ಎಚ್ಚರವಾಗಿರುವವನು ಯಾರು ಎಂಬುದು ನ್ಯೂಕ್ಯಾಸಲಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ.

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಅಲ್ಪಾವಧಿಗೆ ಪಡೆದು ದೀರ್ಘಾವಧಿಗೆ ಕೊಡುವುದೇ ದೋಷವಾದರೆ ಜಗತ್ತಿನ ಬ್ಯಾಂಕುಗಳೆಲ್ಲ ದೋಷಿಗಳು. ಬಡವನಿಗೆ ಮನೆಯೂ ಇಲ್ಲ. ಆಕ್ಷೇಪ ಸರಿಯಾದುದೇ. ಆದರೆ ಲಕ್ಷ ಜನರ ಸಣ್ಣ ಠೇವಣಿಗಳಿಗೂ ಐವತ್ತು ದೊಡ್ಡ ಸಾಲಿಗರ ಹಣಕ್ಕೂ ಸ್ವಭಾವದಲ್ಲಿಯೇ ಅಂತರವಿದೆ. ಲಕ್ಷ ಜನರಲ್ಲಿ ಒಬ್ಬ ಮಗಳ ಮದುವೆಗೆ ಹಣ ತೆಗೆದರೆ ಇನ್ನೊಬ್ಬ ನಿವೃತ್ತಿಯ ಹಣ ತಂದಿಡುತ್ತಾನೆ. ಒಬ್ಬರ ಕಾರಣ ಇನ್ನೊಬ್ಬರದಲ್ಲ. ಸಗಟು ಸಾಲಿಗರೆಲ್ಲ ಒಂದೇ ಸುದ್ದಿಯನ್ನು ಓದುತ್ತಾರೆ, ಒಂದೇ ದಿನ ಹೆದರುತ್ತಾರೆ. ಅವರು ಹಲವು ದೇಶಗಳಲ್ಲಿ ಇದ್ದರೆಂಬುದು ಲೆಕ್ಕದ ಸಮಾಧಾನವಷ್ಟೇ. ಆದುದರಿಂದ ದೋಷ ಅವಧಿಯ ಅಂತರದಲ್ಲಿಲ್ಲ. ಆ ಅಂತರಕ್ಕೊಂದು ಪರಿಮಾಣವನ್ನು ತಾನೇ ಹಾಕಿಕೊಳ್ಳದಿರುವುದರಲ್ಲಿದೆ. ಸಂಘವಾಗಿದ್ದಾಗ ಕಾನೂನು ಹಾಕಿದ್ದ ಮಿತಿ ಕಳಚಿದ ಮೇಲೆ, ಸ್ವಯಂ ಮಿತಿ ಹಾಕಿಕೊಳ್ಳುವ ಹೊಣೆ ನಾಯಕನದಾಗಿತ್ತು.

ಹಾನಿಯೇ ಆಗಲಿಲ್ಲವೆಂಬ ಮಾತು ಕೂಡ ಠೇವಣಿದಾರರ ಮಟ್ಟಿಗೆ ಮಾತ್ರ ಸತ್ಯ. ಸಂಸ್ಥೆ ‘ಟುಗೆದರ್’ ಎಂಬ ಹೆಸರಿನ ಸಾಲವನ್ನು ಕೊಡುತ್ತಿತ್ತು. ಮನೆಯ ಬೆಲೆಯ ಶೇಕಡಾ 95ರವರೆಗೆ ಅಡಮಾನದ ಸಾಲ, ಅದರ ಮೇಲೆ ಶೇಕಡಾ 30ರವರೆಗೆ ಅಡಮಾನವಿಲ್ಲದ ಸಾಲ, ಒಟ್ಟು 125. ನೂರು ರೂಪಾಯಿಯ ಮನೆಗೆ ನೂರಿಪ್ಪತ್ತೈದು ರೂಪಾಯಿ ಸಾಲ ಕೊಟ್ಟಂತೆ. ಬೆಲೆ ಏರುತ್ತಿದ್ದಷ್ಟು ದಿನ ಇದು ಉದಾರತೆಯಾಗಿ ಕಂಡಿತು. ಬೆಲೆ ಇಳಿದಾಗ ಆ ಮನೆಗಳವರು ಮಾರಲೂ ಆಗದೆ, ಕಡಮೆ ಬಡ್ಡಿಯ ಬೇರೆ ಬ್ಯಾಂಕಿಗೆ ಹೋಗಲೂ ಆಗದೆ ಸಿಕ್ಕಿಬಿದ್ದರು. ಅವರ ಸಾಲಗಳನ್ನು ಸರ್ಕಾರವು 2015ರಲ್ಲಿ ಇತರ ಸಾಲಗಳೊಡನೆ ಒಂದು ಅಮೆರಿಕನ್ ಹೂಡಿಕೆ ಸಂಸ್ಥೆಗೆ ಮಾರಿತು. ಹಲವರಿಗೆ ಸೆರೆ ಮುಂದುವರಿಯಿತು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ ಒಂದು. ಎತ್ತಿನ ಮೇಲೆ ಅದು ಹೊರಲಾರದಷ್ಟು ಹೇರುವುದು. ಎತ್ತು ತಾನಾಗಿ ನೊಗಕ್ಕೆ ಕೊರಳು ಕೊಟ್ಟಿತೆಂದು ಗಾಡಿಯವನು ಹೇಳಿದರೆ ಒಪ್ಪುವವರು ಯಾರು? ಸಾಲಗಾರನು ತಾನೇ ಅರ್ಜಿ ಹಾಕಿದನೆಂಬ ವಾದವೂ ಅಂತಹುದೇ. ಭಾರವನ್ನು ತೂಗಿ ನೋಡುವ ತಕ್ಕಡಿ ಇದ್ದುದು ಕೊಟ್ಟವನ ಅಂಗಡಿಯಲ್ಲಿ.

ಷೇರುದಾರರಿಗೆ, ಅಂದರೆ ಉಚಿತ ಷೇರು ಪಡೆದಿದ್ದ ಹಳೆಯ ಸದಸ್ಯರಿಗೂ ಸೇರಿ, ಏನೂ ದಕ್ಕಲಿಲ್ಲ. ಸಾವಿರಕ್ಕೂ ಹೆಚ್ಚು ನೌಕರರು ಕೆಲಸ ಕಳೆದುಕೊಂಡರು. ಸಂಸ್ಥೆ ತನ್ನ ತೆರಿಗೆಪೂರ್ವ ಲಾಭದ ಶೇಕಡಾ 5ನ್ನು ಒಂದು ದತ್ತಿಗೆ ಕೊಡುತ್ತಿತ್ತು. ಆ ಪ್ರದೇಶದ ದುರ್ಬಲರಿಗೆ ಅದು ದೊಡ್ಡ ಆಸರೆಯಾಗಿತ್ತು. ದಾನ ನಿಜವಾದುದು, ಪಡೆದವರ ಕೃತಜ್ಞತೆಯೂ ನಿಜವಾದುದು. ಆದರೂ ಲಾಭದ ಮೂಲದಲ್ಲಿ ಪ್ರಮಾದವಿದ್ದರೆ ದಾನವು ಅದನ್ನು ತೊಳೆಯಲಾರದು. ಸಂಸ್ಥೆ ಹೋದ ಮೇಲೆ ಆ ದತ್ತಿಯೂ ಮುಂದಿನ ವರ್ಷಗಳಲ್ಲಿ ಮುಚ್ಚಿತು.

2010ರಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಕಂತು ಬಾಕಿಯಿದ್ದ 1,917 ಸಾಲಗಳನ್ನು ಪ್ರಕಟಿತ ಬಾಕಿ ಲೆಕ್ಕದಿಂದ ಬಿಡಲಾಗಿತ್ತೆಂದು ನಿಯಂತ್ರಕರು ಕಂಡುಹಿಡಿದು, ಹಿಂದಿನ ಉಪ ಮುಖ್ಯ ಕಾರ್ಯನಿರ್ವಾಹಕರಿಗೂ ಸಾಲ ವಿಭಾಗದ ನಿರ್ದೇಶಕರಿಗೂ ದಂಡ ಹಾಕಿದರು. ಇಷ್ಟು ದೊಡ್ಡ ಸಂಸ್ಥೆಯಲ್ಲಿ ಇದು ಸಣ್ಣ ಅಂಕಿ. ಆದರೆ ‘ನಮ್ಮ ಬಾಕಿ ಇತರರ ಅರ್ಧದಷ್ಟು ಮಾತ್ರ’ ಎಂಬ ಹೆಮ್ಮೆ ಆ ಅಂಕಿಯ ಮೇಲೆ ನಿಂತಿತ್ತು. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದನ್ನು ವ್ಯಾಖ್ಯಾನಕಾರರು ವಿವರಿಸುವ ರೀತಿ ಸೂಕ್ಷ್ಮವಾದುದು. ಇಟ್ಟವನು ಮೊತ್ತವನ್ನು ಮರೆತು ಕಡಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹಾಗೆಯೇ ಆಗಲಿ’ ಎಂದು ಅಷ್ಟನ್ನೇ ಕೊಡುತ್ತಾನೆ. ಅವನಾಡಿದ ಮಾತಿನಲ್ಲಿ ಸುಳ್ಳಿಲ್ಲ. ಎದುರಿಗಿದ್ದವನ ಅಜ್ಞಾನದ ಮುಂದೆ ತನ್ನ ಜ್ಞಾನವನ್ನು ಮುಚ್ಚಿಟ್ಟದ್ದೇ ಅಸತ್ಯ. ನ್ಯೂಕ್ಯಾಸಲಿನ ಠೇವಣಿದಾರನಿಗೆ ತನ್ನ ಹಣದ ಪಕ್ಕದಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಹಣ ಹೊರಡಲು ಸಿದ್ಧವಾಗಿ ನಿಂತಿದೆಯೆಂದು ತಿಳಿದಿರಲಿಲ್ಲ. ವಾರ್ಷಿಕ ವರದಿಯಲ್ಲಿ ಅದು ಅಚ್ಚಾಗಿತ್ತು ಎಂಬುದು ವಕೀಲರ ಉತ್ತರ.

ಇಂಗ್ಲೆಂಡಿನಲ್ಲಿ ಸರ್ಕಾರ ನಡುವೆ ಬಂದುದರಿಂದ ಈ ವಿಚಾರವೆಲ್ಲ ಪಾಂಡಿತ್ಯದ ಚರ್ಚೆಯಂತೆ ತೋರಬಹುದು. ಸರ್ಕಾರ ಹಾಗೆ ಬಾರದಿದ್ದರೆ ಏನಾಗುವುದೆಂಬುದು ಹನ್ನೆರಡು ವರ್ಷಗಳ ಬಳಿಕ ಮುಂಬಯಿಯಲ್ಲಿ ಕಂಡಿತು. ದಿವಾನ್ ಹೌಸಿಂಗ್ ಫೈನಾನ್ಸ್ ಕಂಪೆನಿ 1984ರಲ್ಲಿ, ಬ್ಯಾಂಕುಗಳು ತಿರುಗಿ ನೋಡದ ಸಣ್ಣ ಆದಾಯದವರಿಗೆ ಮನೆಸಾಲ ಕೊಡಲೆಂದು ಹುಟ್ಟಿತು. ಆ ಉದ್ದೇಶ ಶ್ಲಾಘ್ಯವಾದುದೇ. ಅದೂ ಬ್ಯಾಂಕುಗಳಿಂದ, ಡಿಬೆಂಚರುಗಳಿಂದ, ಕೆಲವೇ ತಿಂಗಳ ಅವಧಿಯ ಕಮರ್ಷಿಯಲ್ ಪೇಪರುಗಳಿಂದ ಹಣ ತಂದು ದೀರ್ಘಾವಧಿಗೆ ಕೊಡುತ್ತಿತ್ತು. 2018ರಲ್ಲಿ ಐ.ಎಲ್. ಅಂಡ್ ಎಫ್.ಎಸ್. ಸಮೂಹ ಸಾಲ ತೀರಿಸದೆ ನಿಂತಾಗ ಹಣದ ಪೇಟೆ ಹೆದರಿತು. ಸೆಪ್ಟೆಂಬರ್ 21ರಂದು, ಒಂದು ಮ್ಯೂಚುವಲ್ ಫಂಡ್ ದಿವಾನ್ ಕಂಪೆನಿಯ ಕಾಗದವನ್ನು ಕಡಮೆ ಬೆಲೆಗೆ ಮಾರಿತೆಂಬ ಸುದ್ದಿಗೆ, ಅದರ ಷೇರು ಒಂದೇ ದಿನದಲ್ಲಿ ಶೇಕಡಾ 40ಕ್ಕೂ ಹೆಚ್ಚು ಕುಸಿಯಿತು. ಆಸ್ತಿಗಳನ್ನು ಮಾರುತ್ತ ಕೆಲವು ತಿಂಗಳು ಸಾಲ ತೀರಿಸಿದರೂ 2019ರ ಜೂನ್‌ನಲ್ಲಿ ಬಡ್ಡಿ ಕೊಡುವ ದಿನ ತಪ್ಪಿತು. ನವೆಂಬರ್ 20ರಂದು ರಿಸರ್ವ್ ಬ್ಯಾಂಕು ನಿರ್ದೇಶಕ ಮಂಡಳಿಯನ್ನು ತೆಗೆದು ಆಡಳಿತಾಧಿಕಾರಿಯನ್ನು ನೇಮಿಸಿತು. ದಿವಾಳಿ ಸಂಹಿತೆಯ ಅಡಿಯಲ್ಲಿ ನ್ಯಾಯಮಂಡಳಿಗೆ ಹೋದ ಮೊದಲ ಹಣಕಾಸು ಕಂಪೆನಿ ಇದು.

ಇಲ್ಲಿ ಪ್ರಮಾದವನ್ನು ಮೀರಿದ ಆರೋಪಗಳೂ ಬಂದವು. ಇಲ್ಲದ ಬಾಂದ್ರಾ ಶಾಖೆಯೊಂದರ ಹೆಸರಿನಲ್ಲಿ ಲಕ್ಷಗಟ್ಟಲೆ ಕಲ್ಪಿತ ಗೃಹಸಾಲ ಖಾತೆಗಳನ್ನು ಸೃಷ್ಟಿಸಿ 14,000 ಕೋಟಿ ರೂಪಾಯಿಗೂ ಮಿಕ್ಕಿದ ಹಣವನ್ನು ತೋರಿಸಲಾಯಿತೆಂದು ಕೇಂದ್ರ ತನಿಖಾ ದಳ 2021ರಲ್ಲಿ ಮೊಕದ್ದಮೆ ಹೂಡಿತು. ಅದು ನಿಜವೆಂದಾದರೆ ಕೂಟಲೇಖಕ್ರಿಯೆ ಎಂಬ ಹಳೆಯ ಹೆಸರು ಅದಕ್ಕಾಗಿಯೇ ಇಟ್ಟಂತಿದೆ, ತೀರ್ಮಾನ ನ್ಯಾಯಾಲಯದ್ದು. ಸಾಲಿಗರ ಹಕ್ಕಿನ ಮೊತ್ತ ಸುಮಾರು 87,000 ಕೋಟಿ ರೂಪಾಯಿ. ಪಿರಾಮಲ್ ಸಮೂಹ 2021ರ ಸೆಪ್ಟೆಂಬರಿನಲ್ಲಿ ಕಂಪೆನಿಯನ್ನು ಪಡೆದಾಗ ಕೊಟ್ಟದ್ದು 34,250 ಕೋಟಿ, ಅದರಲ್ಲಿಯೂ ಒಂದು ಭಾಗ ಡಿಬೆಂಚರುಗಳ ರೂಪದಲ್ಲಿ. ಬ್ಯಾಂಕಿನ ಠೇವಣಿಗಳಿಗಿರುವ ವಿಮೆ ಇಂತಹ ಕಂಪೆನಿಗಳ ಠೇವಣಿಗಳಿಗಿಲ್ಲ. ಇಟ್ಟವರಲ್ಲಿ ಬಹಳ ಮಂದಿಗೆ ಆ ಅಂತರ ಗೊತ್ತಿರಲಿಲ್ಲ. ನಿವೃತ್ತರೂ ವಿಧವೆಯರೂ ಸೇರಿದಂತೆ ಠೇವಣಿದಾರರಲ್ಲಿ ಬಹುಪಾಲು ಜನರಿಗೆ ತಮ್ಮ ಹಕ್ಕಿನ ಕಾಲು ಭಾಗವೂ ಪೂರ್ತಿಯಾಗಿ ಬರಲಿಲ್ಲ. ಉತ್ತರ ಪ್ರದೇಶದ ವಿದ್ಯುತ್ ನೌಕರರ ಭವಿಷ್ಯನಿಧಿಯ 2,200 ಕೋಟಿಗೂ ಹೆಚ್ಚು ಹಣ ಅದರಲ್ಲಿ ಸಿಕ್ಕಿಕೊಂಡಿತ್ತು. ಆ ನೌಕರರನ್ನು ಈ ಹೂಡಿಕೆಯ ಬಗ್ಗೆ ಯಾರೂ ಕೇಳಿರಲಿಲ್ಲ.

ಹಳೆಯ ಆಡಳಿತದ ಕಾಲದಲ್ಲಿ ಅಕ್ರಮವಾಗಿ ಹೊರಹೋಯಿತೆಂದು ಆಡಳಿತಾಧಿಕಾರಿ ಅರ್ಜಿ ಸಲ್ಲಿಸಿದ ಹಣ 45,000 ಕೋಟಿ ರೂಪಾಯಿಯಷ್ಟು. ಅದು ಮುಂದೆ ಎಂದಾದರೂ ವಸೂಲಾದರೆ ಯಾರದು ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಸಾಲಿಗರ ಸಮಿತಿ ಬಹುಮತದಿಂದ ಒಪ್ಪಿದ ಯೋಜನೆಯಂತೆ ಅದು ಹೊಸ ಮಾಲೀಕರಿಗೇ ಸೇರತಕ್ಕದ್ದೆಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್ 1ರಂದು ತೀರ್ಪು ಕೊಟ್ಟಿತು. ಸಣ್ಣ ಠೇವಣಿದಾರರಿಗೆ ಆ ಸಮಿತಿಯಲ್ಲಿ ಇದ್ದ ಮತಬಲ ಅಲ್ಪ. ಯೋಜನೆಯ ಪಟ್ಟಿಯಲ್ಲಿ ಆ 45,000 ಕೋಟಿಯ ಬಾಬಿನ ಮುಂದೆ ಕಾಣಿಸಿದ ಮೌಲ್ಯ 1 ರೂಪಾಯಿ.